ನಮ್ಮ ಸೀಮೆಯ ಮೂರು ರಾಜ್ಯಪರಿವರ್ತನೆಗಳು: ಕಾರಣಗಳ ತುಲನೆ

ಕಳೆದ ವರ್ಷ ನಮ್ಮ ಶಾಲೆಯ ಏಳನೆಯ ವರ್ಗದ ವಿದ್ಯಾರ್ಥಿಗಳಿಗೆ, ಮನೆಯಲ್ಲಿ ಹಳೆಯ ಕಾಗದಪತ್ರಗಳಿದ್ದರೆ ಹಿರಿಯರ ಅಪ್ಪಣೆ ಪಡೆದು ಇತಿಹಾಸದ ತಾಸಿಗೆ ತರಬೇಕೆಂದು ಹೇಳಿದ್ದೆವು. ಒಬ್ಬ ವಿದ್ಯಾರ್ಥಿಯು ಮೂರು ಕಾಗದಗಳನ್ನು ತಂದನು. ಮೊದಲನೆಯದು ಅವನ ಮುತ್ತಜ್ಜನ ಕಾಲದ, ಉರ್ದುವಿನಲ್ಲಿ ಬರೆದ ಭೂಕಂದಾಯದ ಪಾವತಿ. ಎರಡನೆಯದು ಅದೇ ಹೊಲಕ್ಕೆ ಸಂಬಂಧಿಸಿದ, ಮರಾಠಿಯಲ್ಲಿರುವ ಸಾತ್‌ಬಾರಾ ಉತಾರ. ಮೂರನೆಯದು ಅವನ ತಂದೆಯವರು ಕನ್ನಡ ಶಾಲೆಯನ್ನು ಬಿಡುವಾಗ ಪಡೆದ ದಾಖಲೆ. ಹೊಲ ಅದೇ, ಮನೆ ಅದೇ, ಬಾವಿಯೂ ಅದೇ. “ಗುರುಗಳೆ, ನಮ್ಮ ಮನಿ ಇದ್ದಲ್ಲೇ ಐತಿ. ಮತ್ತ ರಾಜ್ಯ ಯಾಕ ಸರದಾವ?” ಎಂದು ಆ ಬಾಲಕನು ಕೇಳಿದನು.

ತಾಸು ಮುಗಿಯಲು ಉಳಿದಿದ್ದ ಹತ್ತು ನಿಮಿಷಗಳಲ್ಲಿ ಆ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡಲು ನಮ್ಮಿಂದಾಗಲಿಲ್ಲ. ಅದನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಕೊಡಲೆತ್ನಿಸುವೆವು. ಪ್ರಶ್ನೆಯು ಒಬ್ಬ ಬಾಲಕನದಾದರೂ ಅದು ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಪ್ರತಿಯೊಂದು ಕನ್ನಡ ಮನೆಯ ಪ್ರಶ್ನೆಯೂ ಆಗಿದೆ. ನಿಲಂಗಾ ತಾಲೂಕಿನ ಎಂಬತ್ತೈದು ವಯಸ್ಸಿನ ಒಬ್ಬ ಹಿರಿಯರನ್ನು ಎಣಿಸಿಕೊಳ್ಳಿರಿ. ಅವರು ಹುಟ್ಟಿದ್ದು ನಿಜಾಮರ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಯಲ್ಲಿ. 1956ರಲ್ಲಿ ಅವರ ಊರು ಮುಂಬಯಿ ರಾಜ್ಯದ ಉಸ್ಮಾನಾಬಾದು ಜಿಲ್ಲೆಗೆ ಸೇರಿತು. 1960ರಲ್ಲಿ ಅದು ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರು ಜಿಲ್ಲೆಯಾಯಿತು. ಆ ಹಿರಿಯರು ಮಾತ್ರ ತಮ್ಮ ಓಣಿಯನ್ನು ಬಿಟ್ಟು ಕದಲಲಿಲ್ಲ.

ಕಾರಣಗಳನ್ನು ನೋಡುವ ಬಗೆ

ರಾಜ್ಯಕ್ರಾಂತಿ ಎಂದರೇನು? ಒಬ್ಬ ಅರಸನು ಸತ್ತು ಅವನ ಮಗನು ಪಟ್ಟವೇರಿದರೆ ಅದು ಕ್ರಾಂತಿಯಲ್ಲ. ಒಂದು ಸೈನ್ಯವು ಮತ್ತೊಂದನ್ನು ಸೋಲಿಸಿ ನಾಲ್ಕು ಕೋಟೆಗಳನ್ನು ಕಸಿದುಕೊಂಡರೆ ಅದೂ ಕ್ರಾಂತಿಯಲ್ಲ. ಆಳುವ ಅಧಿಕಾರವು ಎಲ್ಲಿಂದ ಬರುತ್ತದೆ, ಯಾರ ಹೆಸರಿನಲ್ಲಿ ನಡೆಯುತ್ತದೆ ಎಂಬುದೇ ಬದಲಾದಾಗ ಅದನ್ನು ಕ್ರಾಂತಿಯೆಂದು ಕರೆಯಬಹುದು. ಈ ಅರ್ಥದಲ್ಲಿ ನಮ್ಮ ಸೀಮೆಯು ಕಳೆದ ಮುನ್ನೂರು ವರ್ಷಗಳಲ್ಲಿ ಮೂರು ಪರಿವರ್ತನೆಗಳನ್ನು ಕಂಡಿದೆ: 1724ರದು, 1948ರದು ಮತ್ತು 1956ರದು.

ಫ್ರಾನ್ಸ್ ದೇಶದಲ್ಲಿ 1789, 1830 ಮತ್ತು 1848ರಲ್ಲಿ ಒಂದರ ಹಿಂದೊಂದು ಕ್ರಾಂತಿಗಳಾದುದನ್ನು ಮೇಲಿನ ವರ್ಗಗಳ ವಿದ್ಯಾರ್ಥಿಗಳು ಓದಿರುವರು. ಒಂದೇ ದೇಶವು ಮತ್ತೆ ಮತ್ತೆ ಏಕೆ ಬದಲಾಗುತ್ತದೆಯೆಂದರೆ, ಹಿಂದಿನ ಬದಲಾವಣೆಯು ಮಾಡದೆ ಬಿಟ್ಟ ಕಾರ್ಯವೇ ಮುಂದಿನದಕ್ಕೆ ಕಾರಣವಾಗುತ್ತದೆ. ನಮ್ಮ ಸೀಮೆಯ ಕಥೆಯೂ ಇದೇ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಕಾರಣಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಂಡರೆ ತುಲನೆಯು ಸುಲಭವಾಗುವುದು. ಬಹುಕಾಲದಿಂದ ಕೂಡುತ್ತ ಬಂದುದು ಮೂಲಕಾರಣ. ಕೆಲವೇ ವರ್ಷಗಳಲ್ಲಿ ಒದಗಿದುದು ಸಮೀಪದ ಕಾರಣ. ಆ ಗಳಿಗೆಯಲ್ಲಿ ಘಟಿಸಿದುದು ನಿಮಿತ್ತ. ಬೇಸಿಗೆಯಲ್ಲಿ ಕಣಿಕೆಯ ಬಣವಿಗೆ ಬೆಂಕಿ ಬಿದ್ದರೆ ಜನರು ಬೀಡಿಯ ಕಿಡಿಯನ್ನು ಬಯ್ಯುತ್ತಾರೆ. ಆದರೆ ಅದೇ ಕಿಡಿಯು ಮಳೆಗಾಲದಲ್ಲಿ ಬಿದ್ದಿದ್ದರೆ ಬಣವಿಯು ಉರಿಯುತ್ತಿರಲಿಲ್ಲ. ಕಣಿಕೆಯು ಒಣಗಿದುದು ಮೂಲಕಾರಣ, ಗಾಳಿಯು ಬೀಸಿದುದು ಸಮೀಪದ ಕಾರಣ, ಕಿಡಿಯು ನಿಮಿತ್ತ ಮಾತ್ರ. ಇತಿಹಾಸವನ್ನು ಓದುವಾಗಲೂ ಕಿಡಿಯನ್ನಷ್ಟೇ ನೋಡಿ ಸುಮ್ಮನಾಗಬಾರದು.

ಮೊದಲನೆಯದು: 1724

ಮೊಗಲ ಚಕ್ರವರ್ತಿ ಔರಂಗಜೇಬನು 1707ರಲ್ಲಿ ಅಹಮದನಗರದ ಬಳಿ ಮರಣ ಹೊಂದಿದನು. ಅವನು ದಕ್ಷಿಣವನ್ನು ಗೆಲ್ಲುವುದಕ್ಕಾಗಿ ಆಯುಷ್ಯದ ಕೊನೆಯ ಇಪ್ಪತ್ತೈದು ವರ್ಷಗಳನ್ನು ಇಲ್ಲಿಯೇ ವ್ಯಯಿಸಿದ್ದನು. ಗೆದ್ದ ನಾಡು ದೊಡ್ಡದು, ಬೊಕ್ಕಸ ಬರಿದು, ದಿಲ್ಲಿ ಬಹುದೂರ. ಮೂಲಕಾರಣವು ಇದೇ: ದೂರದಲ್ಲಿ ಕುಳಿತ ಕೇಂದ್ರಕ್ಕೆ ಇಷ್ಟು ವಿಸ್ತಾರವಾದ ನಾಡನ್ನು ಆಳುವ ಶಕ್ತಿಯಿರಲಿಲ್ಲ.

ಸಮೀಪದ ಕಾರಣಗಳು ಎರಡು. ಔರಂಗಜೇಬನ ತರುವಾಯ, 1719ರೊಳಗಾಗಿ, ದಿಲ್ಲಿಯ ಸಿಂಹಾಸನದ ಮೇಲೆ ಒಬ್ಬರ ಹಿಂದೆ ಒಬ್ಬರಂತೆ ಆರು ಜನರು ಕುಳಿತರು. ಅರಸರನ್ನು ಏರಿಸುವವರೂ ಇಳಿಸುವವರೂ ಅಮೀರರೇ ಆದರು. ಇತ್ತ ದಖ್ಖನಿನಲ್ಲಿ ಮರಾಠರು ಬಲಗೊಂಡರು. 1719ರಲ್ಲಿ ದಖ್ಖನಿನ ಆರು ಸುಭೆಗಳಿಂದ ಚೌಥ ಮತ್ತು ಸರದೇಶಮುಖಿಗಳನ್ನು ಎತ್ತುವ ಹಕ್ಕನ್ನು ಅವರು ದಿಲ್ಲಿಯಿಂದಲೇ ಪಡೆದುಕೊಂಡರು. ಒಂದೇ ಹೊಲದ ಬೆಳೆಯ ಮೇಲೆ ಇಬ್ಬರು ಒಡೆಯರ ಕಣ್ಣು ಬಿದ್ದಿತು.

ಇನ್ನು ನಿಮಿತ್ತ. ನಿಜಾಮ್-ಉಲ್-ಮುಲ್ಕ್ ಎಂಬ ಬಿರುದಿನ ಮೀರ್ ಕಮರುದ್ದೀನ ಖಾನನು ದಿಲ್ಲಿಯಲ್ಲಿ ವಜೀರನಾಗಿದ್ದು, ದರ್ಬಾರಿನ ಒಳಸಂಚುಗಳಿಗೆ ಬೇಸತ್ತು ದಕ್ಷಿಣಕ್ಕೆ ತಿರುಗಿ ಬಂದನು. ಅವನನ್ನು ತಡೆಯುವಂತೆ ಮುಬಾರಿಜ್ ಖಾನನೆಂಬ ಅಧಿಕಾರಿಗೆ ಚಕ್ರವರ್ತಿಯೇ ಒಳಗಿಂದೊಳಗೆ ಸೂಚಿಸಿದನು. 1724ರ ಅಕ್ಟೋಬರಿನಲ್ಲಿ ವರ್ಹಾಡದ ಶಕರಖೇಡಾ ಎಂಬಲ್ಲಿ ಯುದ್ಧವಾಗಿ ಮುಬಾರಿಜ್ ಖಾನನು ಮಡಿದನು. ಮರುವರ್ಷವೇ ಅದೇ ಚಕ್ರವರ್ತಿಯು ಗೆದ್ದವನಿಗೆ ‘ಆಸಫ ಜಾಹ’ ಎಂಬ ಬಿರುದನ್ನು ಕಳುಹಿಸಿದನು. ತಡೆಯಲಾಗದವನನ್ನು ಮನ್ನಿಸುವುದೇ ದುರ್ಬಲನಿಗೆ ಉಳಿಯುವ ಮಾರ್ಗ.

ಗಮನಿಸಬೇಕಾದ ಸಂಗತಿಯೊಂದುಂಟು. ಆಸಫ ಜಾಹನು ತಾನು ಸ್ವತಂತ್ರನೆಂದು ಸಾರಲಿಲ್ಲ. ಹೈದರಾಬಾದಿನ ನಾಣ್ಯಗಳ ಮೇಲೆ ಮೊಗಲ ಚಕ್ರವರ್ತಿಯ ಹೆಸರು 1857ರ ಗಲಭೆಯವರೆಗೂ ಉಳಿದಿತ್ತು. ಹೆಸರು ದಿಲ್ಲಿಯದು, ಅಧಿಕಾರ ಇಲ್ಲಿಯದು. ರೈತನಿಗಂತೂ ಕಂದಾಯವನ್ನು ಎತ್ತುವ ಅದೇ ದೇಶಮುಖ, ಲೆಕ್ಕವನ್ನು ಬರೆಯುವ ಅದೇ ದೇಶಪಾಂಡೆ. ನಿನಗೆ ಯಾವ ಒಡೆಯ ಬೇಕೆಂದು ಅವನನ್ನು ಯಾರೂ ಕೇಳಲಿಲ್ಲ; ಕೇಳಬೇಕೆಂಬ ಕಲ್ಪನೆಯೇ ಆ ಕಾಲಕ್ಕೆ ಇರಲಿಲ್ಲ.

ಯುದ್ಧಕ್ಕೂ ಕ್ರಾಂತಿಗೂ ಇರುವ ಭೇದವನ್ನು ತಿಳಿಯಲು ಉದಗೀರಿನ ವಿದ್ಯಾರ್ಥಿಗಳಿಗೆ ಮನೆಯ ಅಂಗಳದಲ್ಲಿಯೇ ಉದಾಹರಣೆಯಿದೆ. 1760ರ ಫೆಬ್ರುವರಿಯಲ್ಲಿ ಸದಾಶಿವರಾವ ಭಾವೂನ ನೇತೃತ್ವದ ಮರಾಠಾ ಸೈನ್ಯವು ಉದಗೀರಿನಲ್ಲಿ ನಿಜಾಮನ ಸೈನ್ಯವನ್ನು ಸೋಲಿಸಿತು. ಸುಮಾರು ಅರವತ್ತು ಲಕ್ಷ ರೂಪಾಯಿ ಉತ್ಪನ್ನದ ಪ್ರದೇಶವನ್ನು ನಿಜಾಮನು ಬಿಟ್ಟುಕೊಟ್ಟನು. ಆದರೆ ಒಂದು ವರ್ಷ ತುಂಬುವುದರೊಳಗೆ, 1761ರ ಜನೆವರಿಯಲ್ಲಿ, ಅದೇ ಭಾವೂ ಪಾಣಿಪತದ ರಣರಂಗದಲ್ಲಿ ಮಡಿದನು, ನಿಜಾಮನು ಮತ್ತೆ ತಲೆಯೆತ್ತಿದನು. ಕೋಟೆಗಳು ಕೈ ಬದಲಾಯಿಸಿದವು; ಆಳಿಕೆಯ ರೀತಿಯು ಬದಲಾಗಲಿಲ್ಲ. ಆದುದರಿಂದ ಉದಗೀರಿನದು ದೊಡ್ಡ ಯುದ್ಧವೇ ಹೊರತು ಕ್ರಾಂತಿಯಲ್ಲ.

ಎರಡನೆಯದು: 1948

1724ರ ಪರಿವರ್ತನೆಯು ಮುಟ್ಟದೆ ಬಿಟ್ಟ ಪ್ರಶ್ನೆಯು ಯಾವುದು? ಅರಸನಿಗೂ ಪ್ರಜೆಗೂ ಇರುವ ಸಂಬಂಧ. ಅದೇ ಪ್ರಶ್ನೆಯು ಎರಡು ಶತಮಾನಗಳ ತರುವಾಯ ಎದ್ದು ನಿಂತಿತು.

1798ರಲ್ಲಿ ನಿಜಾಮನು ಇಂಗ್ಲಿಷರೊಡನೆ ಸಹಾಯಕ ಸೈನ್ಯದ ಒಪ್ಪಂದವನ್ನು ಮಾಡಿಕೊಂಡನು. ಅಂದಿನಿಂದ ಹೊರಗಿನ ಶತ್ರುವಿನ ಭಯವಾಗಲಿ, ಒಳಗಿನ ದಂಗೆಯ ಭಯವಾಗಲಿ ಅವನಿಗೆ ಉಳಿಯಲಿಲ್ಲ. ಪ್ರಜೆಗಳನ್ನು ಒಲಿಸಿಕೊಳ್ಳುವ ಅವಶ್ಯಕತೆಯೂ ಅದರೊಡನೆಯೇ ಹೋಯಿತು. ಭೂಮಿಯ ವ್ಯವಸ್ಥೆಯನ್ನು ನೋಡಿರಿ. ಸಂಸ್ಥಾನದ ಸುಮಾರು ನೂರಕ್ಕೆ ಅರವತ್ತು ಭಾಗವು ಸರಕಾರದ ‘ದಿವಾನಿ’ಯಲ್ಲಿತ್ತು, ಹತ್ತು ಭಾಗವು ‘ಸರ್ಫ್-ಎ-ಖಾಸ್’, ಅಂದರೆ ನಿಜಾಮರ ಸ್ವಂತ ಆಸ್ತಿ, ಉಳಿದ ಮೂವತ್ತು ಭಾಗವು ಜಾಗೀರುದಾರರ ಕೈಯಲ್ಲಿ. ಜಾಗೀರಿನ ರೈತನಿಗೆ ಸರಕಾರದ ಕಾಯಿದೆಯ ಆಸರೆಯೂ ಪೂರ್ತಿಯಾಗಿ ದೊರೆಯುತ್ತಿರಲಿಲ್ಲ.

ಭಾಷೆಯ ಸ್ಥಿತಿಯು ಇನ್ನೊಂದು. ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ ಎಂದು ಎಣಿಸುವುದು ರೂಢಿ. ಆದರೆ ಕಚೇರಿ, ನ್ಯಾಯಾಲಯ, ಉಚ್ಚ ಶಿಕ್ಷಣಗಳೆಲ್ಲ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಭಾರತೀಯ ಭಾಷೆಯೊಂದರಲ್ಲಿ ಉಚ್ಚ ಶಿಕ್ಷಣವನ್ನು ಕೊಟ್ಟು ದಾರಿ ತೋರಿಸಿತೆಂಬುದು ನಿಜ. ಅದು ಹೆಮ್ಮೆಯ ಸಂಗತಿಯೇ. ಆದರೆ ಆ ಭಾಷೆಯು ಬಹುಸಂಖ್ಯ ಪ್ರಜೆಗಳ ಮನೆಯ ಮಾತಾಗಿರಲಿಲ್ಲ. ಸಭೆ ಸೇರುವುದಕ್ಕೂ ಮೊದಲು ಅನುಮತಿ ಬೇಕೆಂದು ‘ಗಶ್ತಿ 53’ ಎಂಬ ಸರಕಾರಿ ಆಜ್ಞೆಯಿತ್ತು. ಮಾತನಾಡಲು ಬಾಯಿಯಿಲ್ಲ, ಬರೆಯಲು ಭಾಷೆಯಿಲ್ಲ, ಕೇಳಲು ಸಭೆಯಿಲ್ಲ. ಇವೇ ಮೂಲಕಾರಣಗಳು.

ರಾಜಕೀಯಕ್ಕೆ ಎಡೆಯಿಲ್ಲದಲ್ಲಿ ಜನರು ಶಾಲೆ, ವಾಚನಾಲಯ, ಸಾಹಿತ್ಯ ಪರಿಷತ್ತುಗಳ ಮೂಲಕ ಕೂಡಿದರು. ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತು ಎಂದು ಮೂರು ಭಾಷೆಗಳವರೂ ತಮ್ಮ ತಮ್ಮ ಸಂಘಟನೆಗಳನ್ನು ಕಟ್ಟಿಕೊಂಡರು. ಉಮರ್ಗಾಕ್ಕೆ ಹತ್ತಿರದ ಹಿಪ್ಪರಗಾ ಗ್ರಾಮದ ರಾಷ್ಟ್ರೀಯ ಶಾಲೆಯನ್ನು ಇಲ್ಲಿ ಸ್ಮರಿಸಲೇಬೇಕು. ಅಲ್ಲಿ ಅಧ್ಯಾಪಕರಾಗಿದ್ದವರೇ ಮುಂದೆ ಸ್ವಾಮಿ ರಮಾನಂದ ತೀರ್ಥರೆಂದು ಪ್ರಸಿದ್ಧರಾಗಿ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸನ್ನು ಮುನ್ನಡೆಸಿದರು. 1938ರಲ್ಲಿ ಆ ಸಂಸ್ಥೆಯು ಕಣ್ಣು ಬಿಡುವ ಮೊದಲೇ ಸರಕಾರವು ಅದನ್ನು ನಿಷೇಧಿಸಿತು. ಸತ್ಯಾಗ್ರಹಿಗಳು ಸೆರೆಮನೆ ಸೇರಿದರು.

ಸಮೀಪದ ಕಾರಣವು 1947ರಲ್ಲಿ ಒದಗಿತು. ಇಂಗ್ಲಿಷರು ಹೊರಟು ಹೋದುದರಿಂದ ನಿಜಾಮರ ಸಿಂಹಾಸನಕ್ಕೆ ನೂರೈವತ್ತು ವರ್ಷ ಆಸರೆಯಾಗಿದ್ದ ಕಂಬವು ಕಳಚಿತು. ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು ಭಾರತವನ್ನೂ ಪಾಕಿಸ್ತಾನವನ್ನೂ ಸೇರದೆ ಸ್ವತಂತ್ರರಾಗಿರುವೆವೆಂದು ಜೂನ್ ತಿಂಗಳಲ್ಲಿ ಸಾರಿದರು. ನವೆಂಬರ 29ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ಅವಧಿಯಲ್ಲಿ, ಲಾತೂರಿನಲ್ಲಿ ವಕೀಲಿ ಮಾಡಿದ್ದ ಕಾಸಿಂ ರಜವಿಯ ಮುಖಂಡತ್ವದಲ್ಲಿ ರಜಾಕಾರರ ದಳವು ಬೆಳೆಯಿತು. ತೆಲಂಗಾಣದಲ್ಲಿ ರೈತರ ಸಶಸ್ತ್ರ ಹೋರಾಟವು 1946ರಿಂದಲೇ ನಡೆದಿತ್ತು. ಬೀದರ ಸೀಮೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯೆಯನ್ನು ಗಡಿಯ ಹಳ್ಳಿಗಳು ಇಂದಿಗೂ ಮರೆತಿಲ್ಲ. ಭಾರತದೊಡನೆ ಸೇರುವುದೇ ಸರಿಯೆಂದು ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಅದೇ ವರ್ಷದ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಂದರು. ರಜಾಕಾರರೆಂದರೆ ಮುಸಲ್ಮಾನರೆಲ್ಲರೂ ಎಂದು ತಿಳಿಯುವುದು ಶೋಯೆಬುಲ್ಲಾ ಖಾನರಂಥವರಿಗೆ ಬಗೆಯುವ ದ್ರೋಹ.

1948ರ ಸೆಪ್ಟೆಂಬರ 13ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ಮೇಜರ್ ಜನರಲ್ ಚೌಧರಿಯವರ ಮುಖ್ಯ ದಳವು ಸೊಲ್ಲಾಪುರದಿಂದ ಹೊರಟು, ಮೊದಲನೆಯ ದಿನವೇ ನಳದುರ್ಗವನ್ನು ಹಿಡಿದು, ಉಮರ್ಗಾದಲ್ಲಿ ತಂಗಿ, ರಾಜೇಶ್ವರ, ಹುಮನಾಬಾದು, ಜಹೀರಾಬಾದುಗಳ ಮಾರ್ಗವಾಗಿ ಮುಂದುವರಿಯಿತು. ಸೆಪ್ಟೆಂಬರ 17ರಂದು ನಿಜಾಮರು ಕದನವಿರಾಮವನ್ನು ಸಾರಿದರು. ಐದೇ ದಿನ! ಇನ್ನೂರು ವರ್ಷಗಳ ರಾಜ್ಯವು ಐದು ದಿನಗಳಲ್ಲಿ ಏಕೆ ಕುಸಿಯಿತು? ಸೈನ್ಯದ ಬಲದಿಂದ ಎಂಬುದು ಅರ್ಧ ಉತ್ತರ. ಆ ರಾಜ್ಯವು ತನ್ನದೆಂದು ಎದೆಯೊಡ್ಡಿ ನಿಲ್ಲಲು ಬಹುಸಂಖ್ಯ ಪ್ರಜೆಗಳಿಗೆ ಕಾರಣವೇ ಇರಲಿಲ್ಲವೆಂಬುದು ಉಳಿದ ಅರ್ಧ.

ಇಲ್ಲಿ ಸತ್ಯವನ್ನು ಮುಚ್ಚಿಡಲಾಗದು. ಸೈನ್ಯವು ಬಂದ ತರುವಾಯ ಉಸ್ಮಾನಾಬಾದು, ಕಲಬುರ್ಗಿ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ಘೋರ ಕೃತ್ಯಗಳು ನಡೆದವು. ಪಂಡಿತ ಸುಂದರಲಾಲರ ಸಮಿತಿಯು ಸಂಚರಿಸಿ, ಸಂಸ್ಥಾನದಲ್ಲಿ ಕಡಮೆಯೆಂದರೂ 27 ಸಾವಿರದಿಂದ 40 ಸಾವಿರ ಜನರು ಸತ್ತಿರಬೇಕೆಂದು ಅಂದಾಜು ಮಾಡಿತು. ಆ ವರದಿಯು ಸಾರ್ವಜನಿಕರ ಕೈಗೆ ಸಿಕ್ಕಿದುದು 2013ರಲ್ಲಿ. ರಜಾಕಾರರ ಅನ್ಯಾಯವನ್ನು ಹೇಳಿ ಇದನ್ನು ಹೇಳದಿದ್ದರೆ ನಾವು ಇತಿಹಾಸವನ್ನು ಕಲಿಸುವವರಲ್ಲ, ಹಗೆಯನ್ನು ಕಲಿಸುವವರಾಗುವೆವು.

ಈ ಪರಿವರ್ತನೆಯ ಫಲವೇನು? 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಗೇಣಿದಾರರ ಕಾಯಿದೆಯು ಬಂದಿತು. 1952ರಲ್ಲಿ ಪ್ರಾಯಕ್ಕೆ ಬಂದ ಪ್ರತಿಯೊಬ್ಬ ಗಂಡಸೂ ಹೆಂಗಸೂ ಮತ ಹಾಕಿ, 175 ಸದಸ್ಯರ ವಿಧಾನಸಭೆಯನ್ನು ಆರಿಸಿದರು. ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾದರು. ಅಧಿಕಾರವು ಅರಸನಿಂದ ಬರುತ್ತದೆಯೆಂಬ ಮಾತು ಮುಗಿದು, ಪ್ರಜೆಯಿಂದ ಬರುತ್ತದೆಯೆಂಬುದು ಸ್ಥಾಪಿತವಾಯಿತು.

ಮೂರನೆಯದು: 1956

ಹೀಗಿದ್ದರೂ ಎಂಟೇ ವರ್ಷಗಳಲ್ಲಿ ಹೈದರಾಬಾದು ರಾಜ್ಯವು ಭೂಪಟದಿಂದಲೇ ಅಳಿದುಹೋಯಿತು. ಈ ಸಲ ಯಾವ ಸೈನ್ಯವೂ ಬರಲಿಲ್ಲ. ಹಾಗಾದರೆ ಕಾರಣವೇನು?

1948ರ ಪರಿವರ್ತನೆಯು ಪ್ರಜೆಗೆ ಮತವನ್ನು ಕೊಟ್ಟಿತು. ಆದರೆ ಅವನು ಬರೆದ ಅರ್ಜಿಯು ಅವನ ಭಾಷೆಯಲ್ಲಿ ಕಚೇರಿಯನ್ನು ಸೇರುವಂತೆ ಮಾಡಲಿಲ್ಲ. ಉಚ್ಚ ಶಿಕ್ಷಣದಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷು ಬಂದಿತೇ ಹೊರತು ಜನರ ಭಾಷೆಗಳು ಬರಲಿಲ್ಲ. ಅರಸನಿದ್ದಾಗ, ಅವನ ಭಾಷೆಯೇ ರಾಜ್ಯದ ಭಾಷೆಯೆಂದು ಜನರು ಸಹಿಸಿದ್ದರು. ರಾಜ್ಯವು ತಮ್ಮದೇ ಎಂದ ಮೇಲೆ, ತಮ್ಮ ಮಾತು ಅಲ್ಲಿ ಏಕೆ ನಡೆಯಬಾರದು ಎಂಬ ಪ್ರಶ್ನೆಯು ತಾನಾಗಿಯೇ ಹುಟ್ಟಿತು. ಪ್ರಜಾಪ್ರಭುತ್ವವೇ ಭಾಷಾವಾರು ರಾಜ್ಯದ ಬೇಡಿಕೆಗೆ ಮೂಲಕಾರಣವಾಯಿತೆಂದು ಹೇಳಿದರೆ ತಪ್ಪಾಗದು.

ಈ ಬೇಡಿಕೆಯು ಹೈದರಾಬಾದಿನದಷ್ಟೇ ಆಗಿರಲಿಲ್ಲ. ಕನ್ನಡಿಗರು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದರು. ಆಲೂರು ವೆಂಕಟರಾಯರಂಥವರು ಏಕೀಕರಣದ ಮಾತನ್ನು ದಶಕಗಳಿಂದ ಆಡುತ್ತಿದ್ದರು. 1920ರ ನಾಗಪುರ ಅಧಿವೇಶನದಿಂದ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆಯೇ ರಚಿಸಿಕೊಂಡಿತ್ತು. ಸ್ವಾತಂತ್ರ್ಯ ಬಂದ ತರುವಾಯ ಅದೇ ನಾಯಕರು, ದೇಶವು ಒಡೆದೀತೆಂಬ ಭಯದಿಂದ, ಹಿಂದೆ ಮುಂದೆ ನೋಡಿದರು. ಇದು ಸಮೀಪದ ಕಾರಣ. ಪ್ರತ್ಯೇಕ ಆಂಧ್ರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು ಅವರು ಐವತ್ತೆಂಟು ದಿನ ಉಪವಾಸವಿದ್ದು 1952ರ ಡಿಸೆಂಬರ 15ರಂದು ಪ್ರಾಣ ಬಿಟ್ಟುದು ನಿಮಿತ್ತ.

1953ರಲ್ಲಿ ಆಂಧ್ರ ರಾಜ್ಯವು ಹುಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಫಜಲ್ ಅಲಿ, ಕುಂಜರು, ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. 1955ರಲ್ಲಿ ಬಂದ ಅದರ ವರದಿಯು, ಬೀದರ ಜಿಲ್ಲೆಯನ್ನು ಒಡೆಯದೆ ತೆಲಂಗಾಣದೊಡನೆ ಹೈದರಾಬಾದು ರಾಜ್ಯದಲ್ಲಿಯೇ ಇಡಬೇಕೆಂದು ಹೇಳಿತು. ಆ ಜಿಲ್ಲೆಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಇದ್ದು, ಯಾವ ಒಂದು ಭಾಷೆಯವರೂ ಜನಸಂಖ್ಯೆಯ ಅರ್ಧವನ್ನು ಮುಟ್ಟುತ್ತಿರಲಿಲ್ಲ. ಆದರೆ ಸಂಸತ್ತು ಬೇರೊಂದು ಮಾರ್ಗವನ್ನು ಹಿಡಿಯಿತು. 1956ರ ನವೆಂಬರ 1ರಂದು ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗವು ಆಂಧ್ರಪ್ರದೇಶಕ್ಕೂ, ಬೀದರ, ಭಾಲ್ಕಿ, ಹುಮನಾಬಾದು ಮೊದಲಾದ ಭಾಗಗಳು ಮೈಸೂರು ರಾಜ್ಯಕ್ಕೂ ಸೇರಿದವು. ಉಮರ್ಗಾವು ತನ್ನ ಉಸ್ಮಾನಾಬಾದು ಜಿಲ್ಲೆಯೊಡನೆ ಮುಂಬಯಿಗೆ ಹೋಯಿತು. 1960ರ ಮೇ 1ರಂದು ಮುಂಬಯಿ ರಾಜ್ಯವು ಇಬ್ಭಾಗವಾಗಿ ಮಹಾರಾಷ್ಟ್ರವು ಉದಯಿಸಿತು. ಆ ರಾಜ್ಯಕ್ಕಾಗಿ ಮುಂಬಯಿ ನಗರದಲ್ಲಿ ಅನೇಕರು ಗುಂಡಿಗೆ ಬಲಿಯಾದರೆಂಬುದನ್ನೂ ನಾವು ಮರೆಯಬಾರದು. ಭಾಷೆಯ ಪ್ರೀತಿಯು ನಮ್ಮೊಬ್ಬರ ಸ್ವತ್ತಲ್ಲ.

ಮೂರರ ತುಲನೆ

ಈಗ ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ.

ಮೊದಲನೆಯದಾಗಿ, ಕಾರಣವು ಹುಟ್ಟಿದ ಸ್ಥಾನ. 1724ರಲ್ಲಿ ಅದು ದರ್ಬಾರಿನಲ್ಲಿ ಹುಟ್ಟಿತು. 1948ರಲ್ಲಿ ಹೊಲ, ಸೆರೆಮನೆ, ಶಾಲೆಗಳಲ್ಲಿ ಹುಟ್ಟಿತು. 1956ರಲ್ಲಿ ಮತಪೆಟ್ಟಿಗೆಯ ಸುತ್ತ ಹುಟ್ಟಿತು. ಕಾರಣವು ಮೇಲಿನಿಂದ ಕೆಳಗಿಳಿಯುತ್ತ ಸಾಮಾನ್ಯನ ಮನೆಯ ಬಾಗಿಲಿಗೆ ಬಂದುದನ್ನು ಕಾಣುವಿರಿ.

ಎರಡನೆಯದಾಗಿ, ಕೇಳಿದ ಪ್ರಶ್ನೆ. ‘ಯಾರು ಆಳಬೇಕು?’ ಎಂಬುದು ಮೊದಲನೆಯ ಪ್ರಶ್ನೆ. ‘ಯಾರ ಒಪ್ಪಿಗೆಯಿಂದ ಆಳಬೇಕು?’ ಎಂಬುದು ಎರಡನೆಯದು. ‘ಯಾರ ಮಾತಿನಲ್ಲಿ ಆಳಬೇಕು?’ ಎಂಬುದು ಮೂರನೆಯದು. ಮೊದಲನೆಯದಕ್ಕೆ ಉತ್ತರ ಸಿಕ್ಕದೆ ಎರಡನೆಯದು ಏಳಲಾರದು. ಎರಡನೆಯದಕ್ಕೆ ಸಿಕ್ಕದೆ ಮೂರನೆಯದು ಏಳಲಾರದು.

ಮೂರನೆಯದಾಗಿ, ಸಾಧನ. ಮೊದಲನೆಯದರಲ್ಲಿ ಖಡ್ಗವೇ ತೀರ್ಪು ಹೇಳಿತು. ಎರಡನೆಯದರಲ್ಲಿ ಸತ್ಯಾಗ್ರಹ, ದಂಗೆ, ಸೈನ್ಯ ಮೂರೂ ಕೂಡಿದವು. ಮೂರನೆಯದರಲ್ಲಿ ಚಳವಳಿ, ಆಯೋಗ, ಸಂಸತ್ತಿನ ಕಾಯಿದೆ. ತಮ್ಮ ಮಾತನ್ನು ಕೇಳಿಸಲು ಬೇರೆ ದಾರಿಯಿರುವಲ್ಲಿ ಜನರು ಶಸ್ತ್ರವನ್ನು ಹಿಡಿಯುವುದು ಕಡಮೆ ಎಂಬ ಪಾಠವು ಇದರಲ್ಲಿದೆ.

ನಾಲ್ಕನೆಯದಾಗಿ, ಬಿಟ್ಟುಹೋದುದು. ಮೊದಲನೆಯದು ಪ್ರಜೆಯನ್ನು ಬಿಟ್ಟಿತು. ಎರಡನೆಯದು ಪ್ರಜೆಯ ಭಾಷೆಯನ್ನು ಬಿಟ್ಟಿತು. ಮೂರನೆಯದು ಯಾರನ್ನು ಬಿಟ್ಟಿತು? ನಮ್ಮನ್ನು ಬಿಟ್ಟಿತು, ಅಂದರೆ ಗಡಿಯವರನ್ನು. ತಾಲೂಕನ್ನು ಘಟಕವೆಂದು ಹಿಡಿದು ಬಹುಸಂಖ್ಯೆಯನ್ನು ಎಣಿಸಿದರೆ, ಗೆರೆಯನ್ನು ಎಲ್ಲಿ ಎಳೆದರೂ ಅದರ ಎರಡು ಬದಿಗೂ ಅಲ್ಪಸಂಖ್ಯರು ಉಳಿಯುವರು. ಈ ಬದಿಯಲ್ಲಿ ಕನ್ನಡದ ಮನೆಗಳು ಉಳಿದಂತೆ ಆ ಬದಿಯಲ್ಲಿ, ಭಾಲ್ಕಿ ಔರಾದಗಳಲ್ಲಿ, ಮರಾಠಿಯ ಮನೆಗಳು ಉಳಿದಿವೆ. ಮಾತು ಹಳ್ಳಿಯಿಂದ ಹಳ್ಳಿಗೆ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತದೆ. ಗೆರೆಯಾದರೋ ಒಂದೇ ಹೆಜ್ಜೆಗೆ ಬದಲಾಗುತ್ತದೆ.

ಉಳಿದ ಕಾರ್ಯ

ಹಿಂದಿನದು ಬಿಟ್ಟ ಕಾರ್ಯವೇ ಮುಂದಿನ ಕ್ರಾಂತಿಗೆ ಕಾರಣವಾಗುವುದಾದರೆ, ನಮಗಾಗಿ ನಾಲ್ಕನೆಯ ಕ್ರಾಂತಿಯೊಂದು ಬೇಕೇ ಎಂದು ಯಾರಾದರೂ ಕೇಳಬಹುದು. ಬೇಕಿಲ್ಲವೆಂದೇ ನಮ್ಮ ಅಭಿಪ್ರಾಯ. ಗೆರೆಯನ್ನು ಹತ್ತು ಮೈಲು ಆ ಕಡೆಗೋ ಈ ಕಡೆಗೋ ಸರಿಸಿದರೆ ಇಂದಿನ ಅಲ್ಪಸಂಖ್ಯರು ಬಹುಸಂಖ್ಯರಾಗುವರು, ಬೇರೆ ಕೆಲವರು ಹೊಸದಾಗಿ ಅಲ್ಪಸಂಖ್ಯರಾಗುವರು, ಅಷ್ಟೇ. ಗಡಿಯ ವಾದವು ಆಯೋಗವನ್ನೂ ಕಂಡಿದೆ, ನ್ಯಾಯಾಲಯವನ್ನೂ ಕಂಡಿದೆ. ಅದನ್ನು ಅಲ್ಲಿಯೇ ಬಿಡೋಣ. ನಮ್ಮ ಮಕ್ಕಳ ವಿದ್ಯೆಯು ತೀರ್ಪಿಗಾಗಿ ಕಾಯಲಾರದು.

ಮೂರನೆಯ ಪರಿವರ್ತನೆಯು ತಾನು ಬಿಟ್ಟುದಕ್ಕೆ ಪರಿಹಾರವನ್ನೂ ತನ್ನೊಡನೆಯೇ ತಂದಿತ್ತು. ಹೊಸ ಭೂಪಟವು ಜಾರಿಗೆ ಬಂದ ಆ ನವೆಂಬರ 1ರಂದೇ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂದಿತು. ಅದರಿಂದ ಸೇರಿದ 350-ಎ ವಿಧಿಯು, ಭಾಷಾ ಅಲ್ಪಸಂಖ್ಯರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ಗೆರೆಯನ್ನು ಎಳೆದವರಿಗೆ ಗೆರೆಯ ಕೊರತೆಯು ತಿಳಿದಿತ್ತು. ಆ ಕೊರತೆಯನ್ನು ತುಂಬುವ ಭಾರವನ್ನು ಅವರು ಶಾಲೆಯ ಮೇಲೆ ಇಟ್ಟರು.

ಪಾಲಕ ಬಾಂಧವರಲ್ಲಿ ಒಂದು ಮಾತು. ಮಹಾರಾಷ್ಟ್ರದಲ್ಲಿದ್ದು ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವುದು ಯಾರ ವಿರುದ್ಧವೂ ಅಲ್ಲ. ಅದು ಈ ದೇಶದ ಸಂವಿಧಾನವು ತಾನಾಗಿಯೇ ತೆರೆದಿಟ್ಟ ಬಾಗಿಲು. ಆದರೆ ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ಮನೆಯು ತುಂಬದು. ಪಟದ ಮೇಲೆ ಹೆಸರುಗಳು ಇಳಿದರೆ ವರ್ಗವು ಮುಚ್ಚುವುದು; ವರ್ಗವು ಮುಚ್ಚಿದರೆ ಅದನ್ನು ಮತ್ತೆ ತೆರೆಯಿಸುವುದು ಎಷ್ಟು ಕಷ್ಟವೆಂಬುದನ್ನು ನಾವು ಬಲ್ಲೆವು. ಅದರಂತೆಯೇ, ನಮ್ಮ ಮಕ್ಕಳು ಮರಾಠಿಯನ್ನು ಕಾಟಾಚಾರಕ್ಕೆ ಕಲಿಯಬಾರದು, ಚೆನ್ನಾಗಿ ಕಲಿಯಬೇಕು. ಅದು ತಹಸೀಲಿನ ಭಾಷೆ, ಸಂತೆಯ ಭಾಷೆ, ಪಕ್ಕದ ಮನೆಯ ಕಾಕಾನ ಭಾಷೆ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಬೇರೂರಿದ ಮಗುವಿಗೆ ಇನ್ನೊಂದು ಭಾಷೆಯು ಭಾರವಾಗುವುದಿಲ್ಲ.

ವಿದ್ಯಾರ್ಥಿಗಳೇ, ಸೆಪ್ಟೆಂಬರ 17ರಂದು ಇಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮ ದಿನವೆಂದು ಧ್ವಜವನ್ನು ಏರಿಸುವೆವು. ಅದೇ ದಿನ, ಗಡಿಯಾಚೆಯ ಬಸವಕಲ್ಯಾಣದಲ್ಲಿಯೂ ಬೀದರಿನಲ್ಲಿಯೂ ಅದೇ ತ್ರಿವರ್ಣ ಧ್ವಜವು ಏರುವುದು. ಮರಾಠಿಯವರೂ ಕನ್ನಡದವರೂ ತೆಲುಗಿನವರೂ ಒಂದೇ ಸೆರೆಮನೆಯಲ್ಲಿದ್ದು ಗಳಿಸಿದ ದಿನವದು. ಮುಂದಿನ ಸಲ ಧ್ವಜಕ್ಕೆ ವಂದಿಸುವಾಗ ಅದನ್ನು ನೆನೆಯಿರಿ. ಮನೆಯಲ್ಲಿ ಆ ಕಾಲವನ್ನು ಕಂಡ ಅಜ್ಜ ಅಜ್ಜಿಯಂದಿರಿದ್ದರೆ ಈ ರಜೆಯಲ್ಲಿಯೇ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಿರಿ. ಅಂಥವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿರುವರು. ಕಾಗದದಲ್ಲಿಲ್ಲದ ಸಂಗತಿಗಳು ಅವರೊಡನೆಯೇ ಹೋಗುವುವು.

ಮೂರು ಕಾಗದಗಳನ್ನು ತಂದ ಬಾಲಕನಿಗೆ ನಮ್ಮ ಉತ್ತರ ಇಷ್ಟು: ನಿನ್ನ ಮುತ್ತಜ್ಜನ ಪಾವತಿಯು ಅವನನ್ನು ಕೇಳದೆ ಆಳಿದವರ ಭಾಷೆಯಲ್ಲಿದೆ. ಉತಾರವು ಈ ತಾಲೂಕಿನ ಬಹು ಜನರು ಕೇಳಿ ಪಡೆದ ಭಾಷೆಯಲ್ಲಿದೆ. ನಿನ್ನ ತಂದೆಯ ದಾಖಲೆಯು, ಬಹುಸಂಖ್ಯರಲ್ಲದಿದ್ದರೂ ನಿಮ್ಮ ಮನೆಯ ಮಾತಿಗೆ ಎಡೆಯಿರಬೇಕೆಂದು ಈ ದೇಶವು ಒಪ್ಪಿದುದರ ಸಾಕ್ಷಿಯಾಗಿದೆ. ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡು. ನಾಲ್ಕನೆಯ ಕಾಗದವಾಗಿ ಅದರಲ್ಲಿ ಸೇರಬೇಕಾದುದು ನಿನ್ನದೇ ಶಾಲೆಯ ದಾಖಲೆ. ಅದನ್ನು ಒಳ್ಳೆಯ ಗುಣಗಳಿಂದ ಗಳಿಸು.